ಮೂರನೇದನ್ನ ಇಟ್ಕೊಳ್ರಿ

ನಾಚಿಕೆ ಸ್ವಭಾವದವರಿಗೆ ದೇವರು ಒಂದನ್ನು ಕೊಡಲು ಮರೆತರೆ ಇನ್ನೊಂದನ್ನು ಧಾರಾಳವಾಗಿ ಕೊಟ್ಟು ಕಳಿಸುತ್ತಾನೆ ಎಂದು ನನಗೆ ಯಾವಾಗಲೂ ಅನ್ನಿಸಿದೆ. ನಾಲ್ಕು ಜನರ ನಡುವೆ ನಿಂತು ಮಾತಾಡುವ ಬಾಯಿಯನ್ನು ಅವನು ನನಗೆ ಕೊಡಲಿಲ್ಲ. ಎದುರಿಗಿದ್ದವರ ಮುಖ ನೋಡುವ ಧೈರ್ಯವನ್ನೂ ಕೊಡಲಿಲ್ಲ. ಆದರೆ ಕಿವಿಗಳ ವಿಷಯದಲ್ಲಿ ಕೈ ಬಿಗಿ ಹಿಡಿಯಲಿಲ್ಲ. ತಲೆ ಮೇಲೆ ಸೆರಗು ಹೊದ್ದು, ಬಾಗಿಲ ಮರೆಯಲ್ಲಿ ಕುಳಿತು, ಈ ಎರಡು ಕಿವಿಗಳಿಂದಲೇ ನಾನು ಲೋಕವನ್ನು ನೋಡಿದ್ದೇನೆ. ಅವುಗಳ ಮೇಲೆ ನನಗೆ ಒಳಗೊಳಗೇ ಸ್ವಲ್ಪ ಸೊಕ್ಕೂ ಇತ್ತು. ಆ ಸೊಕ್ಕು ಒಂದು ಭಾನುವಾರ ಮಧ್ಯಾಹ್ನ, ಹಂಚಿನ ಮೇಲೆ ಹೋಳಿಗೆ ಇದ್ದಾಗ, ಇಳಿಯಿತು. ಮೊಮ್ಮಕ್ಕಳೇ, ಆ ಕತೆ ನಿಮಗೆ ಗೊತ್ತು, ಗೊತ್ತಿರುವುದೇ ತೊಂದರೆ. ನೀವು ಅದನ್ನು ಊರೆಲ್ಲ ಹೇಳುತ್ತೀರಿ, ಹೇಳಿದಾಗೊಮ್ಮೆ ಒಂದು ಹೊಸ ಬಾಲ ಅಂಟಿಸುತ್ತೀರಿ. ಸಹನಾ ಹೇಳುವ ಕತೆಯಲ್ಲಿ ನಾನು ಸವುಟು ಹಿಡಿದುಕೊಂಡು ಪಡಸಾಲೆಗೆ ಕುಣಿಯುತ್ತ ಬಂದೆನಂತೆ. ನಾನು ಹುಟ್ಟಿದಾಗಿನಿಂದ ಕುಣಿದಿಲ್ಲ. ಅದಕ್ಕೇ, ನಡೆದದ್ದು ನಡೆದ ಹಾಗೆ ಉಳಿಯಲಿ ಎಂದು, ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರಗಳಲ್ಲಿ ಬರೆಯಲು ಕುಳಿತಿದ್ದೇನೆ. ಆಗ ನೀವೆಲ್ಲ ಮಾಳಿಗೆಯ ಮೇಲೆ ಆಡುತ್ತಿದ್ದಿರಿ. ನಗೆ ಕೇಳಿ ಕೆಳಗಿಳಿದು ಬಂದಿರಿ. ನಗೆಯನ್ನು ಕಂಡವರು ನೀವು, ಅದರ ಬೇರನ್ನು ಕಂಡವಳು ನಾನು.

ನನ್ನ ಕಿವಿಯ ಪ್ರತಾಪವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮುಖ ಉಳಿಯುವುದಿಲ್ಲ. ಕೊರ್ಲಹಳ್ಳಿ ಶಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ನನಗೆ ಉತ್ತರ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಪಕ್ಕದ ಹುಡುಗಿಯ ಕಿವಿಯಲ್ಲಿ ಊದುತ್ತಿದ್ದೆ, ಅವಳು ಎದ್ದು ನಿಂತು ಹೇಳಿ ಶಾಬಾಸ್ ಅನ್ನಿಸಿಕೊಳ್ಳುತ್ತಿದ್ದಳು. ನನ್ನನ್ನು ನೋಡಲು ನಿಮ್ಮ ಅಜ್ಜ ಬಂದ ದಿನ ನಾನು ಅವರ ಮುಖ ನೋಡಲಿಲ್ಲ. ತಲೆ ಎತ್ತಲಿಲ್ಲವೆಂದ ಮೇಲೆ ನೋಡುವುದು ಹೇಗೆ? ಆದರೆ ಅವರು ಬಂದಾಗ ಕಟ್ಟೆಯ ಹತ್ತಿರ ಚಪ್ಪಲಿ ಬಿಟ್ಟ ಸದ್ದನ್ನು ಬಾಗಿಲ ಹಿಂದಿನಿಂದ ಕೇಳಿದ್ದೆ. ಉಳಿದವರೆಲ್ಲ ಒದ್ದು ಬಿಟ್ಟರು. ಒಬ್ಬರು ಮಾತ್ರ ಒಂದಾದ ಮೇಲೆ ಒಂದರಂತೆ, ಮಲಗಿದ ಕೂಸನ್ನು ಇಳಿಸಿದ ಹಾಗೆ, ಮೆಲ್ಲಗೆ ಇಟ್ಟರು. ಅವ್ವ ಬಂದು "ಹುಡುಗ ಹೆಂಗದಾನ?" ಎಂದು ಕೇಳಿದಾಗ ನಾನು ತಲೆ ಅಲ್ಲಾಡಿಸಿ ಒಪ್ಪಿಬಿಟ್ಟೆ. ಬದುಕಿರುವ ತನಕ ಅವರು ಸಿಟ್ಟನ್ನು ಕೂಡ ಹಾಗೆಯೇ ಮೆಲ್ಲಗೆ ಇಳಿಸಿ ಇಡುತ್ತಿದ್ದರು. ಮದುವೆಯಾಗಿ ಮುಂಡರಗಿಗೆ ಬಂದ ಮೇಲೆ ನನ್ನ ಕಿವಿಗೆ ರೊಟ್ಟಿಯ ವಿದ್ಯೆಯೂ ಸೇರಿತು. ಮುಂಜಾನೆ ನಮ್ಮ ಓಣಿಯಲ್ಲಿ ಹಾದುಹೋಗುವಾಗ ಯಾವ ಮನೆಯಲ್ಲಿ ಯಾರು ರೊಟ್ಟಿ ಬಡಿಯುತ್ತಿದ್ದಾರೆ ಎಂದು ಹೇಳಬಲ್ಲೆ. ಹಿಟ್ಟಿಗೆ ಜಿಗಿ ಕಡಿಮೆಯಾಗಿದ್ದರೆ ಒಂದು ಸದ್ದು, ಹೊಸ ಸೊಸೆಯ ಅಂಜಿದ ಕೈಯಾಗಿದ್ದರೆ ಒಂದು ಸದ್ದು. ಗಂಡನ ಮೇಲಿನ ಸಿಟ್ಟನ್ನು ಹಿಟ್ಟಿನ ಮೇಲೆ ತೀರಿಸುತ್ತಿದ್ದರೆ ಆ ಸದ್ದು ಊರ ಅಗಸಿಬಾಗಿಲ ತನಕ ಕೇಳುತ್ತದೆ. ಸಂತೆಯಲ್ಲಿ ಹೊಸ ಕೊಡ ಕೊಳ್ಳುವಾಗ ಓಣಿಯ ಹೆಂಗಸರು ನನ್ನನ್ನು ಕರೆದೊಯ್ಯುತ್ತಾರೆ. ನಾನು ಬೆರಳಿನಿಂದ ಟಕ್ ಎನ್ನಿಸಿ, ಮಾತಾಡದೆ, ಒಳ್ಳೆಯದನ್ನು ಬದಿಗೆ ಸರಿಸುತ್ತೇನೆ. ಇಂಥ ನನ್ನ ಎದುರಿಗೆ, ಅಂದರೆ ನನ್ನ ಬೆನ್ನ ಹಿಂದಿನ ಪಡಸಾಲೆಯಲ್ಲಿ, ಸ್ಟೀರಿಯೊ ಬಂದು ಕುಳಿತಿತು.

ಪಡಸಾಲೆ, ಅಡುಗೆಮನೆಯ ನೆಲಕ್ಕೆಲ್ಲ ಹೊಸ ಫರಸಿ ಕಲ್ಲು ಹಾಕಿಸಿದ ಮೇಲೆ ನನ್ನ ಮಗ ವೀರೇಶನಿಗೆ ಪಡಸಾಲೆಯಲ್ಲಿ ಹಾಡು ಕೇಳುವ ಒಂದು ಒಳ್ಳೆಯ ಸೆಟ್ಟು ಇಡಬೇಕೆಂದು ಆಸೆಯಾಯಿತು. ಅವನ ಅಂಗಡಿ ಪಂಪ್‌ಸೆಟ್ಟಿನದು ಎಂದು ನಿಮಗೆ ಗೊತ್ತೇ ಇದೆ. ಹೊಳೆದಂಡೆಯ ರೈತರು ಕೆಟ್ಟ ಮೋಟಾರು ತಂದರೆ ಅವನು ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ, "ಬೇರಿಂಗ್ ಹೋಗೈತಿ" ಎಂದು ಹೇಳುತ್ತಾನೆ. ಒಳ್ಳೆಯ ಸದ್ದೆಂದರೆ ಅವನಿಗೆ ಆಳದಿಂದ ಬರಬೇಕು, ಗುಂಯ್ ಅನ್ನಬೇಕು, ಕಾಲ ಕೆಳಗಿನ ನೆಲಕ್ಕೂ ತಿಳಿಯಬೇಕು. ಲಕ್ಷ್ಮೇಶ್ವರದ ನನ್ನ ಅಳಿಯ ಪ್ರಭುವಿನ ವ್ಯಾಪಾರ ಒಣಮೆಣಸಿನಕಾಯಿಯದು. ಅವನು ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಒಳಗೆ ಬೀಜ ಗಲಗಲ ಎಂದರೆ ಕಾಯಿ ಒಣಗಿದೆ, ಮೂಕವಾಗಿದ್ದರೆ ಹಸಿ ಉಳಿದಿದೆ. ಅವನಿಗೆ ಒಳ್ಳೆಯ ಸದ್ದೆಂದರೆ ಬಿಡಿಬಿಡಿಯಾಗಿರಬೇಕು, ಬೀಜ ಬೀಜ ಎಣಿಸುವ ಹಾಗಿರಬೇಕು. ಯಾವುದು ತರಲಿ ಎಂದು ವೀರೇಶ ಮರ್ಯಾದೆಗೆ ಅಳಿಯನನ್ನೂ ಒಂದು ಮಾತು ಕೇಳಿದ್ದ. ಇಬ್ಬರೂ ಬೇರೆ ಬೇರೆ ದಿನ ಗದಗಿಗೆ ಹೋಗಿ ಒಂದೇ ಅಂಗಡಿಯಲ್ಲಿ ಬೇರೆ ಬೇರೆ ಸೆಟ್ಟು ಮೆಚ್ಚಿ ಬಂದರು. ಅಂಗಡಿಯವನು ಜಾಣ. ಒಬ್ಬನಿಗೆ ಹೌದು ಎಂದರೆ ಇನ್ನೊಬ್ಬನಿಗೆ ಸಿಟ್ಟು ಎಂದು ತಿಳಿದವನು. "ಎರಡೂ ಒಯ್ರಿ ಸಾವಕಾರ್ರ, ಮನ್ಯಾಗ ಟ್ರಾಯಲ್ ಮ್ಯಾಲ ಹಚ್ಚಿ ನೋಡ್ರಿ, ಬ್ಯಾಡಾದ್ದನ್ನ ವಾಪಸ್ ಕಳಸ್ರಿ" ಎಂದು ಎರಡನ್ನೂ ಗಾಡಿಗೆ ಹೇರಿಸಿಬಿಟ್ಟ.

ನಿಮಗೆ ಇದು ಆಟದ ಮಾತು. ನನಗೆ ಆಗಿರಲಿಲ್ಲ. ಅದಕ್ಕೂ ಹಿಂದೆ ಒಮ್ಮೆ ತಲೆಬಾಗಿಲಿಗೆ ಯಾವ ಬಣ್ಣ ಬಳಿಸಬೇಕೆಂಬ ಮಾತಿನಲ್ಲಿ ವೀರೇಶ ಮತ್ತು ಪ್ರಭು ಹಟಕ್ಕೆ ಬಿದ್ದಿದ್ದರು. ಬಣ್ಣ ವೀರೇಶನದೇ ಆಯಿತು. ಅಳಿಯ ಬಡಿಸಿದ ತಾಟಿನ ಮುಂದಿನಿಂದ ಎದ್ದು ಹೋದ. ಅಳಿಯ ಉಣ್ಣದೆ ಎದ್ದ ಮನೆ ಎಂದರೆ ಏನು ಎಂದು ನಿಮಗೆ ಹೇಗೆ ಹೇಳಲಿ? ಆ ವರ್ಷ ದೀಪಾವಳಿಗೆ ನನ್ನ ಮಗಳು ಗಿರಿಜಾ ತವರಿಗೆ ಬರಲಿಲ್ಲ. ಫೋನಿನಲ್ಲಿ "ಕೆಲಸ ಐತ್ಯವ್ವಾ" ಎಂದಳು. ದನಿ ಕೇಳಿದರೆ ಸಾಕಲ್ಲ ನನಗೆ, ಅದು ಕೆಲಸದ ದನಿ ಆಗಿರಲಿಲ್ಲ. ಆಮೇಲೆ ಅವರಿವರು ನಡುವೆ ಬಿದ್ದು ಸರಿಪಡಿಸಿದರು. ಈ ಸ್ಟೀರಿಯೊದ ಭಾನುವಾರವೇ ಅಳಿಯ ಮತ್ತೆ ನಮ್ಮ ಹೊಸ್ತಿಲು ತುಳಿಯುವ ದಿನ. ಜೊತೆಗೆ ಗಿರಿಜಾಳ ಅತ್ತೆ ಮಾವ, ಅಂದರೆ ನಮ್ಮ ಬೀಗತಿ ನೀಲವ್ವ ಮತ್ತು ಬೀಗರು, ಅವರೂ ಬಂದರು. ನೀಲವ್ವನವರ ಮಾತು ಹಂಚಿಗೆ ಹಾಕಿದ ಸಾಸಿವೆ. ಬೀಗರು ಅದಕ್ಕೆ ಪೂರ್ತಿ ವಿರುದ್ಧ. ಬಿಳಿ ರುಮಾಲು, ಬಿಳಿ ಮೀಸೆ, ಬಾಯಲ್ಲಿ ಎಲೆ ಅಡಿಕೆ. ಇಷ್ಟು ವರ್ಷದ ಬೀಗತನದಲ್ಲಿ ನಾನು ಅವರ ಬಾಯಿಂದ ಕೇಳಿದ್ದು "ಹೂಂ" ಎಂಬುದನ್ನು ಮಾತ್ರ. ಉಣ್ಣುತ್ತೀರಾ? ಹೂಂ. ಹೊರಡುತ್ತೀರಾ? ಹೂಂ. ಮಗನ ಮದುವೆಗೆ ಒಪ್ಪಿದ್ದೂ ಹೂಂ ಎಂದೇ.

ಬೆಳಗಿನಿಂದಲೇ ಪಡಸಾಲೆಯಲ್ಲಿ ವೈರು, ಪೆಟ್ಟಿಗೆ, ಬಿಳಿಯ ಥರ್ಮಾಕೋಲು. ವೀರೇಶನ ಸೆಟ್ಟಿನಲ್ಲಿ ಎರಡು ಎತ್ತರದ ಡಬ್ಬಿಗಳೂ, ಹೊಟ್ಟೆಯಲ್ಲಿ ಗುಡುಗು ತುಂಬಿಕೊಂಡ ಇನ್ನೊಂದು ಡಬ್ಬಿಯೂ ಇದ್ದವು. ಅಳಿಯನದು ಸಕ್ಕರೆ ಡಬ್ಬಿಯಷ್ಟು ಸಣ್ಣ ಎರಡು ಪೆಟ್ಟಿಗೆ. ನಾನು ಅಡುಗೆಮನೆಯಲ್ಲಿ ಹೂರಣ ರುಬ್ಬುತ್ತ ಎಲ್ಲ ಕೇಳುತ್ತಿದ್ದೆ. ಅಳಿಯ ಅಳತೆಯ ಟೇಪು ತಂದಿದ್ದ.

"ಲೇ ವೀರೇಶ, ಇಲ್ನೋಡು. ಆ ಡಬ್ಬಿ, ಈ ಡಬ್ಬಿ, ಕೇಳಾವ, ಮೂರೂ ಕಡೆ ಅಂತರ ಸಮಾ ಇರಬೇಕು. ಆವಾಗ ಹಾಡೂ ಮನಷ್ಯಾ ಬಂದು ನಡುವ ಕುಂತಾನೇನೋ ಅನ್ನಬೇಕು. ಡಬ್ಬಿಯೊಳಗಿಂದ ಬಂದಂಗ ಕೇಳಿದ್ರ ಅದು ಸೆಟ್ಟಲ್ಲ, ಕಸ."

"ಅಲ್ಲಿ ಜೋಳದ ಚೀಲ ಅದಾವಲ್ಲ ಮಾಮಾ, ಕೇಳಾವ ಎಲ್ಲಿ ಕುಂಡ್ರತಾನ?"

"ಚೀಲಾ ತಗಸು."

"ಎಲ್ಲಿಡೂನು? ಹಿತ್ತಲದಾಗ ಹೆಗ್ಗಣ ಅದಾವು."

ಚೀಲಗಳು ಕದಲಲಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಸಂಗೀತ ಅತ್ಯುತ್ತಮವಾಗಿ ಕೇಳುವ ಜಾಗದಲ್ಲಿ ಬಿಳಿಜೋಳ ಕುಳಿತಿತು. ಮನುಷ್ಯರೆಲ್ಲ ಅದರ ಅಕ್ಕಪಕ್ಕ ಕತ್ತು ಚಾಚಿಕೊಂಡು ನಿಂತರು. ಇನ್ನು ಎರಡು ಡಬ್ಬಿಗಳ ನಡುವೆ, ಗೋಡೆಗೆ ಹತ್ತಿಕೊಂಡು ಫ್ಯಾನಿನ ಕೆಳಗೆ ಇದ್ದ ಬೆತ್ತದ ಕುರ್ಚಿಯಲ್ಲಿ ಬೀಗರು ಕುಳಿತಿದ್ದರು. "ಅಪ್ಪಾ, ನೀವು ಈ ಕಡೆ ಬಂದು ಕುಂಡ್ರಿ, ಡಬ್ಬಿ ನಡುವ ಕುಂತ್ರ ನಿಮಗ ಬರೋಬರಿ ಕೇಳಂಗಿಲ್ಲ" ಎಂದು ಅಳಿಯ ಹೇಳಿದ. "ಹೂಂ" ಎಂದರು. ಏಳಲಿಲ್ಲ.

ಏನು ಹಚ್ಚಿ ಪರೀಕ್ಷೆ ಮಾಡುವುದು ಎಂಬುದೇ ಒಂದು ರಾಮಾಯಣವಾಯಿತು. ವೀರೇಶ ಡೊಳ್ಳಿನ ಸದ್ದು ಹಚ್ಚಿ, ಸ್ಟೀಲಿನ ಗ್ಲಾಸಿನಲ್ಲಿ ನೀರು ತುಂಬಿ ಡಬ್ಬಿಯ ಮೇಲಿಟ್ಟು, "ನೋಡ್ರಿ, ತೆರಿ ಏಳಾಕತ್ತಾವು!" ಎಂದ. ನನ್ನ ಅಡುಗೆಮನೆಯ ಮಾಡದಲ್ಲಿದ್ದ ಡಬ್ಬಿಗಳೂ ಚಟಚಟ ಮಾತಾಡಿದವು. ಅರಿಸಿನದ ಡಬ್ಬಿ ನಡೆದುಕೊಂಡು ಬಂದು ಅಂಚಿನಲ್ಲಿ ನಿಂತು ಕೆಳಗೆ ಇಣುಕಿತು. ಅಳಿಯ ತಲೆ ಕೊಡವಿ, "ಇದು ಹಾಡಲ್ಲೋ, ಬೋರ್‌ವೆಲ್ ಹೊಡ್ಯಾಕತ್ತೈತಿ" ಎಂದು ತನ್ನ ಸೆಟ್ಟಿನಲ್ಲಿ ಸಣ್ಣ ತಾಳ ಗೆಜ್ಜೆಗಳ ಸದ್ದು ಹಚ್ಚಿದ. ವೀರೇಶ, "ಮಾಮಾ, ಇದು ಸೆಟ್ಟೋ, ನಿಮ್ಮ ಮೆಣಸಿನಕಾಯಿ ಚೀಲೋ?" ಎಂದ. ಮೊದಮೊದಲು ನಗುತ್ತಲೇ ಅಂದರು. ಆಮೇಲೆ ನಗೆ ಹೋಯಿತು, ಮಾತು ಉಳಿಯಿತು. "ನಿನಗ ಕಿವಿ ಇಲ್ಲ" ಎಂದು ಒಬ್ಬ, "ಎಲ್ಲಾದ್ರಾಗೂ ನಿಮ್ಮದ ನಡೀಬೇಕು" ಎಂದು ಇನ್ನೊಬ್ಬ. ಬಾಗಿಲ ಬಣ್ಣದ ದಿನವೂ ಸರಿಯಾಗಿ ಇದೇ ದನಿಗಳು ಇದೇ ಎತ್ತರಕ್ಕೆ ಏರಿದ್ದವು. ನನ್ನ ಕೈಯಲ್ಲಿ ಹೂರಣದ ಉಂಡೆ ನಿಂತುಬಿಟ್ಟಿತು.

ಆಗ ನೀಲವ್ವನವರು ಬಾಯಿ ಹಾಕಿದರು. "ಏ, ಸಾಕು ಮಾಡ್ರಿ! ಇಬ್ಬರಿಗೂ ತಮ್ಮ ಕೂಸ ಛಂದ. ಬೀಗ್ತೇರು ಹೇಳ್ಲಿ. ಸಂತ್ಯಾಗ ಕೊಡಾ ಬಾರಿಸಿ ಹೇಳಾಕಿ ಆಕಿ. ಅಡಗಿಮನ್ಯಾಗ ಅದಾಳ, ಯಾವುದು ಯಾರದು ಅಂತ ಕಣ್ಣಿಗೆ ಕಾಣಂಗಿಲ್ಲ. ಒಂದ ಹಾಡು, ಒಂದ ಸಲ ಇದರಾಗ, ಒಂದ ಸಲ ಅದರಾಗ. ಮೂರನೇ ಸಲ ಇವೆರಡರಾಗ ಯಾವುದನ್ನರೆ ಹಚ್ರಿ, ಹೇಳೂದು ಬ್ಯಾಡ. ಖರೇನ ಕೇಳಾಕತ್ತಾಳೋ ಇಲ್ಲೋ ಅನ್ನೂದೂ ತಿಳೀತೈತಿ. ಆಕಿ ಅಂದದ್ದ ಆಖರಿ."

ಗಂಡಸರು ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನೇನು ಹೇಳುತ್ತಿದ್ದೆ, ಉತ್ತರ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಹಾಡು ಯಾವುದೆಂದೂ ನೀಲವ್ವನವರೇ ಹೇಳಿದರು. ಸಿಂಗಟಾಲೂರಿನ ಕಡೆಯ ಯಾರೋ ಮುದುಕ ಕಣದಲ್ಲಿ ಎತ್ತು ತಿರುಗಿಸುತ್ತ ಹಾಡಿದ ಹಂತಿ ಹಾಡನ್ನು ಯಾರೋ ಹಿಡಿದು ಅವರ ಫೋನಿಗೆ ಕಳಿಸಿದ್ದರಂತೆ. ಡೊಳ್ಳಿಲ್ಲ, ತಾಳವಿಲ್ಲ, ಬರೀ ಒಬ್ಬ ಮನುಷ್ಯನ ಗಂಟಲು. ಗುಡುಗಿನ ಡಬ್ಬಿಗೂ ಕೆಲಸವಿಲ್ಲ, ಗೆಜ್ಜೆಯ ಡಬ್ಬಿಗೂ ಕೆಲಸವಿಲ್ಲ. ನ್ಯಾಯ ಎಂದರೆ ಇದು.

ಅಷ್ಟರಲ್ಲಿ ಗಿರಿಜಾ ನೀರು ಕುಡಿಯುವ ನೆಪ ಮಾಡಿಕೊಂಡು ಒಳಗೆ ಬಂದಳು. "ಯವ್ವಾ, ನಿನ್ನ ಕೈ ಮುಗೀತೀನಿ. ಅವರದ ಚಲೋ ಐತಿ ಅನ್ನು. ಮತ್ತ ಉಣ್ಣದ ಎದ್ರಂದ್ರ ನಾ ಈ ಮನಿಗೆ ಯಾವ ಮಾರಿ ಹೊತಗೊಂಡು ಬರ್ಲಿ?" ಎಂದಳು. ಅವಳು ಹೋದ ಕೂಡಲೇ ವೀರೇಶ ಉಪ್ಪು ಹುಡುಕುವವನಂತೆ ಬಂದ. ಅವನು ಉಪ್ಪಿನ ಡಬ್ಬಿಯನ್ನು ಹುಟ್ಟಿದಾಗಿನಿಂದ ಮುಟ್ಟಿದವನಲ್ಲ. "ಅವ್ವಾ, ಇದು ನನ್ನ ಮನಿ ಅನ್ನೂದು ಒಂದ ಸಲರೆ ನನಗ ಅನ್ನಿಸ್ಲಿ. ಮಾಮಾ ಬಂದಾಗೊಮ್ಮೆ ನಾ ಸಣ್ಣ ಹುಡುಗ ಆಗಿಬಿಡ್ತೀನಿ" ಎಂದ. ನನ್ನ ಎದೆ ಇಬ್ಭಾಗವಾಯಿತು. ಒಬ್ಬಳು ಹೊಟ್ಟೆಯಲ್ಲಿ ಹುಟ್ಟಿದವಳು, ಇನ್ನೊಬ್ಬನೂ ಅಷ್ಟೇ. ಇಷ್ಟಾಗಿ ಯಾರಿಗೆ ಸುಳ್ಳು ಹೇಳಬೇಕೆಂದರೂ ಒಂದನೆಯದು ಯಾರದು, ಎರಡನೆಯದು ಯಾರದು ಎಂದು ಇಬ್ಬರೂ ಹೇಳದೆ ಹೋಗಿದ್ದರು. ಕಡೆಗೆ ಒಂದು ಉಪಾಯ ಹೊಳೆಯಿತು. ಎರಡೂ ಒಂದಕ್ಕಿಂತ ಒಂದು ಚೆನ್ನಾಗಿವೆ ಎಂದು ಹೇಳಿ, ಹೋಳಿಗೆ ಸುಟ್ಟು ಹೋಗುತ್ತಿದೆ ಎಂದು ಗದ್ದಲ ಮಾಡಿಬಿಡುವುದು. ಹೋಳಿಗೆಯ ಮುಂದೆ ಯಾವ ಜಗಳವೂ ನಿಲ್ಲುವುದಿಲ್ಲ.

ಸೊಸೆ ಶೈಲಾ ಪಡಸಾಲೆಯಿಂದ ಕೂಗಿದಳು: "ಅತ್ತೀ, ಒಂದನೇದು ಹಚ್ಚೇವ್ರಿ!" ನಾನು ಒಲೆಯ ಉರಿ ಕಡಿಮೆ ಮಾಡಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಒಬ್ಬ ಮುದುಕ ಹಾಡಿದ. ಗಂಭೀರವಾಗಿತ್ತು, ಆದರೆ ಕಾಳು ತುಂಬುವ ಹಗೇವಿನೊಳಗೆ ಇಳಿದು ಹಾಡಿದ ಹಾಗಿತ್ತು. "ಎರಡನೇದ್ರಿ!" ಅದೇ ಮುದುಕ ಮತ್ತೆ ಹಾಡಿದ. ಈ ಸಲ ಮಾತು ಬಿಡಿಬಿಡಿಯಾಗಿ ಕೇಳಿತು, ಆದರೆ ಪಾಪ, ಮುದುಕ ಮೂರು ದಿನದಿಂದ ಉಂಡಿಲ್ಲವೇನೋ ಅನ್ನಿಸಿತು. ಒಂದಕ್ಕೆ ಹೊಟ್ಟೆಯಿದೆ, ಬಾಯಿಲ್ಲ. ಇನ್ನೊಂದಕ್ಕೆ ಬಾಯಿದೆ, ಹೊಟ್ಟೆಯಿಲ್ಲ. ಸದ್ಯ, ಎರಡೂ ಒಂದೇ ತೂಕ. ನನ್ನ ಉಪಾಯ ಸುಳ್ಳೂ ಆಗುವುದಿಲ್ಲ ಎಂದು ಸಮಾಧಾನಪಟ್ಟೆ. ಹಂಚಿಗೆ ಒಂದು ಹೋಳಿಗೆ ಹಾಕಿದೆ. "ಅತ್ತೀ, ಮೂರನೇದು ಹಚ್ಚತೀವಿ, ತಡೀರಿ!" ಎಂದಳು ಶೈಲಾ. ತಡೆದೆ. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಏನೋ ಗುಸುಗುಸು.

ಆಮೇಲೆ ಬಂತು ನೋಡಿ!

ಮೊದಲು ಒಂದು ಸಣ್ಣ ಕೆಮ್ಮು. ಗಂಟಲು ಸರಿಮಾಡಿಕೊಂಡದ್ದು. ಬಾಯೊಳಗಿನ ಅಡಿಕೆಯ ಹೋಳು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿದದ್ದು ಕೂಡ ಕೇಳಿತು! ನಾನು ಬೆರಗಾದೆ. ಒಂದನೆಯದರಲ್ಲಿ, ಎರಡನೆಯದರಲ್ಲಿ ಈ ಅಡಿಕೆ ಎಲ್ಲಿ ಅಡಗಿತ್ತು? ಆಮೇಲೆ ಹಾಡು ಎದ್ದಿತು. ಅದೇ ಹಾಡು, ಆದರೆ ಏನು ದನಿ! ಎತ್ತುಗಳು ಒಂದು ಸುತ್ತು ತಿರುಗಿ ಬರುವಷ್ಟು ಉದ್ದ ಎಳೆದು, ತಿರುವಿನಲ್ಲಿ ಮೆಲ್ಲಗೆ ಇಳಿಸಿ, ಮತ್ತೆ ಎತ್ತಿಕೊಂಡಿತು. ಜೋಳದ ತೆನೆಯ ಮೇಲೆ ಗೊರಸು ಬಿದ್ದ ಸದ್ದು ಹಾಡಿನಲ್ಲಿ ಇರಲಿಲ್ಲ, ಆದರೂ ನನಗೆ ಕೇಳಿತು. ನನ್ನಪ್ಪನ ಕಣ, ಬೆಳದಿಂಗಳು, ಹೊಟ್ಟಿನ ಧೂಳು ಮೂಗಿಗೇ ಬಂತು. ಆ ದನಿ ಎಡ ಡಬ್ಬಿಯಿಂದಲೂ ಬರಲಿಲ್ಲ, ಬಲ ಡಬ್ಬಿಯಿಂದಲೂ ಬರಲಿಲ್ಲ. ಅಳಿಯ ಹೇಳಿದ್ದನಲ್ಲ, ಮನುಷ್ಯ ಬಂದು ನಡುವೆ ಕುಳಿತ ಹಾಗೆ ಕೇಳಬೇಕು ಎಂದು, ಸರಿಯಾಗಿ ನಡುವಿನಿಂದಲೇ ಬಂತು. ನಡುನಡುವೆ ಕುರ್ಚಿ ಕಿರ್ ಎಂದದ್ದೂ ಕೇಳಿತು. ಇಷ್ಟು ಚೊಕ್ಕ ಸೆಟ್ಟನ್ನು ಮನುಷ್ಯರು ಹೇಗೆ ಮಾಡಿದರಪ್ಪಾ ಎಂದುಕೊಂಡೆ.

ನನ್ನ ಉಪಾಯ, ಮಗಳ ಮಾತು, ಮಗನ ಮಾತು, ಮೂರನೆಯದು ಆ ಎರಡರಲ್ಲೇ ಒಂದು ಎಂಬ ನೀಲವ್ವನವರ ಮಾತು, ಎಲ್ಲ ಹಾರಿಹೋದವು. ಮಕ್ಕಳೇ, ನಾನು ಜನ್ಮದಲ್ಲಿ ಬಾಗಿಲಾಚೆಗೆ ಕೇಳುವ ಹಾಗೆ ಮಾತಾಡಿದವಳಲ್ಲ. ಅವತ್ತು ಕೂಗಿದೆ. ಹಾಡು ಮುಗಿದ ಕೂಡಲೇ ಬಾಗಿಲ ಹಿಂದಿನಿಂದ, ಓಣಿಗೇ ಕೇಳುವ ಹಾಗೆ ಕೂಗಿದೆ.

"ಮೂರನೇದು! ಮೂರನೇದನ್ನ ಇಟ್ಕೊಳ್ರಿ!"

ಪಡಸಾಲೆಯಲ್ಲಿ ಸೂಜಿ ಬಿದ್ದರೂ ಕೇಳುವಂಥ ಮೌನ. ನನ್ನ ತೀರ್ಪನ್ನು ಗೌರವದಿಂದ ಕೇಳುತ್ತಿದ್ದಾರೆ ಎಂದುಕೊಂಡು ನನಗೆ ಇನ್ನೂ ಹುರುಪು ಬಂತು. ಜೀವಮಾನದಲ್ಲಿ ಕೂಡಿಟ್ಟ ಮಾತೆಲ್ಲ ಒಮ್ಮೆಲೇ ಹೊರಬಿತ್ತು. "ಅವೆರಡೂ ಇದರ ಕಾಲ ಧೂಳಿಗೆ ಸಮ ಇಲ್ಲ. ಏನ ದನಿ! ಬೆಲ್ಲದ ಪಾಕ ಎಳದಂಗ. ಒಂದಿಷ್ಟು ಹಳೇದರಂಗ ಕಾಣತೈತಿ, ನಡುವ ಕಿರ್ ಅಂತೈತಿ, ಇರ್ಲಿ, ಹಳೇದಾದ್ರೂ ಗಟ್ಟಿ ಐತಿ. ಇದನ್ನ ವಾಪಸ್ ಕಳಸಬ್ಯಾಡ್ರಿ! ಇಲ್ಲೇ ಪಡಸಾಲ್ಯಾಗ ಇಟ್ಕೊಂಡುಬಿಡೂನು. ಧೂಳ ಕುಂಡ್ರದಂಗ ನಾ ದಿನಾ ಒರಸತೀನಿ, ರಾತ್ರಿ ಒಂದು ಅರಿವಿ ಹೊಚ್ಚತೀನಿ. ಸಂಜಿಕ ದೀಪಾ ಹಚ್ಚಿದ ಮ್ಯಾಲ ಒಂದೀಟು ಹಚ್ಚಿಕೊಂಡು ಕೇಳ್ತೀನಿ!"

ಶೈಲಾ ಹೊಟ್ಟೆ ಹಿಡಿದುಕೊಂಡು ಒಳಗೆ ಬಂದಳು. ಕಣ್ಣಲ್ಲಿ ನೀರು. ಪಡಸಾಲೆಯ ಕಡೆಗೆ ಕೈ ತೋರಿಸುತ್ತಾಳೆ. ಯಾರಿಗೋ ಏನೋ ಆಯಿತೆಂದು ಹೆದರಿ ನಾನು ಬಾಗಿಲ ಸಂದಿಯಿಂದ ನೋಡಿದೆ. ಫ್ಯಾನು ನಿಂತಿತ್ತು. ಡಬ್ಬಿಗಳ ಕೆಂಪು ದೀಪ ಆರಿತ್ತು. ಕರೆಂಟು ಹೋಗಿ ಎಷ್ಟೋ ಹೊತ್ತಾಗಿತ್ತು. ಎರಡು ಡಬ್ಬಿಗಳ ಸರಿಯಾಗಿ ನಡುವೆ, ಕಿರ್ ಎನ್ನುವ ಬೆತ್ತದ ಕುರ್ಚಿಯಲ್ಲಿ, ರುಮಾಲು ತೊಡೆಯ ಮೇಲಿಟ್ಟುಕೊಂಡು, ಕೆನ್ನೆಯಲ್ಲಿ ಅಡಿಕೆ ಒತ್ತರಿಸಿಕೊಂಡು, ನೆಲ ನೋಡುತ್ತ ಕುಳಿತಿದ್ದವರು ನಮ್ಮ ಬೀಗರು.

ನಡೆದದ್ದು ಆಮೇಲೆ ಗೊತ್ತಾಯಿತು. ಮೂರನೆಯದನ್ನು ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಹಗಲು ಹೊತ್ತು, ಒಳಗೆ ಗ್ಯಾಸಿನ ಒಲೆ. ನನಗೆ ತಿಳಿಯಲು ದಾರಿಯೇ ಇರಲಿಲ್ಲ. ಫೋನಿನ ಮುದುಕ ಹಾಡಿದ್ದನ್ನು ಎರಡು ಸಲ ಕೇಳಿ ಕೇಳಿ ಬೀಗರಿಗೆ ತಡೆಯದಾಗಿತ್ತಂತೆ. "ಎತ್ತ ತಿರಗೂ ಜಾಗದಾಗ ಉಸರ ಬಿಟ್ರ ಎತ್ತ ನಿಂದರತಾವಲೇ, ಹಿಂಗ ಹಾಡಬೇಕು" ಎಂದು ಮೆಲ್ಲಗೆ ಗೊಣಗಿ, ತಾವೇ ಎತ್ತಿಕೊಂಡಿದ್ದರು. ಅವರ ಮಗ ಪ್ರಭು ಕೂಡ ಎಷ್ಟೋ ವರ್ಷದ ಮೇಲೆ ಅಪ್ಪನ ಹಾಡು ಕೇಳಿ, ಅಳತೆಯ ಟೇಪು ಹಿಡಿದುಕೊಂಡೇ ನಿಂತಿದ್ದನಂತೆ.

ಮೌನವನ್ನು ಮೊದಲು ಮುರಿದವರು ನೀಲವ್ವನವರು. "ಇಟ್ಕೊಳ್ರಿ ಬೀಗ್ತೇರ, ಖುಶಾಲ ಇಟ್ಕೊಳ್ರಿ! ನನಗೂ ಬ್ಯಾಸರಾಗೈತಿ. ಆದ್ರ ಮೊದಲ ಹೇಳಿರತೀನಿ, ಗ್ಯಾರಂಟಿ ಮುಗದು ಭಾಳ ದಿನಾ ಆತು, ರಿಪೇರಿ ಮಾಡಾವ್ರು ಯಾರೂ ಸಿಗಂಗಿಲ್ಲ. ಮುಂಜಾನೆ ಎರಡ ಸಲ ಚಾ ಹಾಕಲಿಲ್ಲಂದ್ರ ಚಾಲೂ ಆಗಂಗಿಲ್ಲ!"

ಅಷ್ಟೇ. ಗುಡ್ಡ ಜರಿದ ಹಾಗೆ ನಗೆ ಬಿತ್ತು. ವೀರೇಶ ಜೋಳದ ಚೀಲದ ಮೇಲೆ ಬಿದ್ದ. ಪ್ರಭು ಅವನ ಮೇಲೆ ಬಿದ್ದ. ಅರ್ಧ ಗಂಟೆಯ ಹಿಂದೆ ಒಬ್ಬರ ಮುಖ ಒಬ್ಬರು ನೋಡದಿದ್ದವರು ಈಗ ಒಬ್ಬರ ಹೆಗಲ ಮೇಲೆ ಒಬ್ಬರು ಕಣ್ಣೊರೆಸಿಕೊಂಡರು. "ಮಾಮಾ, ಅರಿವಿ ಹೊಚ್ಚತಾಳಂತ!" ಎಂದು ಇವನು, "ಲೇ, ದಿನಾ ಒರಸತಾಳಂತಲೇ!" ಎಂದು ಅವನು. ನೀವು ಮಾಳಿಗೆಯಿಂದ ಇಳಿದು ಬಂದದ್ದು ಆಗ. ನಾನು ಆ ಹೊತ್ತಿಗೆ ಹಿಟ್ಟಿನ ಡ್ರಮ್ಮಿನ ಹಿಂದೆ ಇದ್ದೆ. ಕುಣಿಯುತ್ತಿರಲಿಲ್ಲ, ಸಹನಾ, ನೆಲ ಬಾಯಿ ಬಿಡಲೆಂದು ಬೇಡಿಕೊಳ್ಳುತ್ತಿದ್ದೆ. ನೆಲ ಬಾಯಿ ಬಿಡಲಿಲ್ಲ. ಹೊಸ ಫರಸಿ, ಗಟ್ಟಿಯಾಗಿ ಕೂರಿಸಿದ್ದರು. ಹಂಚಿನ ಮೇಲಿನ ಹೋಳಿಗೆ ಮಾತ್ರ ನನ್ನ ಮುಖದ ಬಣ್ಣಕ್ಕೆ ಬಂದು, ಅದನ್ನೂ ದಾಟಿ ಕರ್ರಗಾಯಿತು.

ಅಡಗಿ ಕುಳಿತರೆ ಊಟ ನಡೆಯಬೇಕಲ್ಲ. ನಮ್ಮಲ್ಲಿ ಅಳಿಯನ ತಾಟಿಗೆ, ಬೀಗರ ತಾಟಿಗೆ ಮೊದಲ ಹೋಳಿಗೆಯನ್ನು ಅತ್ತೆಯೇ ಕೈಯಾರೆ ಬಡಿಸಬೇಕು. ಆಗದಿದ್ದರೆ ಗಿರಿಜಾಳಾದರೂ ಬಡಿಸಬಹುದಿತ್ತು, ಆದರೆ ಅವಳು ನಗುತ್ತ ನಗುತ್ತ ತುಪ್ಪದ ಗಿಂಡಿಯನ್ನೇ ಓರೆ ಮಾಡಿಕೊಂಡು ನಿಂತಿದ್ದಳು. ಸೆರಗನ್ನು ಮೂಗಿನ ತನಕ ಎಳೆದುಕೊಂಡು ನಾನೇ ಹೊರಗೆ ಬಂದೆ. ನೆಲ ಮಾತ್ರ ಕಾಣುತ್ತಿತ್ತು. ನೆಲ ಹಿಡಿದು ಹೋಗಿ ಅಳಿಯನ ತಾಟಿನ ಮುಂದೆ ನಿಂತೆ. ಎದೆ ಡವಡವ. ವೀರೇಶನ ಗುಡುಗಿನ ಡಬ್ಬಿಗೂ ಅಂಥ ಸದ್ದು ಬರಲಾರದು. ಅಳಿಯ ತಾಟನ್ನು ಮುಂದೆ ಸರಿಸಿ, "ಹಾಕ್ರಿ ಅತ್ತಿ. ಸೋತೇನಿ, ಆದ್ರ ನಮ್ಮಪ್ಪಗ ಸೋತೇನಿ, ಈ ವೀರೇಶಗಲ್ಲ. ತುಪ್ಪಾ ಜಗ್ಗಿ ಹಾಕ್ರಿ" ಎಂದ. ಬಡಿಸಿದೆ. ಅವನು ಮೊದಲ ತುತ್ತು ಮುರಿದ ಸದ್ದು ಕೇಳಿತು. ಎಣ್ಣೆ ಹಚ್ಚಿ ಬೇಯಿಸಿದ ಹೋಳಿಗೆ ಮುರಿದರೆ ಸದ್ದೇ ಬರುವುದಿಲ್ಲ ಎನ್ನುತ್ತಾರೆ. ನನಗೆ ಕೇಳಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಿರಿಜಾ ಉದ್ದನೆಯ ಉಸಿರು ಬಿಟ್ಟದ್ದೂ ಕೇಳಿತು.

ಪಕ್ಕದ ತಾಟು ಬೀಗರದು. ಅಲ್ಲಿ ಹೋಳಿಗೆ ಅರ್ಧ ತಾಟಿಗೆ, ಅರ್ಧ ಮಣೆಗೆ ಬಿತ್ತು. ಅವರು ಎಂದಿನ ಹಾಗೆ ಹೂಂ ಅನ್ನುತ್ತಾರೆ, ಬದುಕಿದೆ ಎಂದುಕೊಂಡೆ. ಅವರು ಗಂಟಲು ಸರಿಮಾಡಿಕೊಂಡರು. ಆಮೇಲೆ, ನಮ್ಮ ಬೀಗತನದಲ್ಲಿ ಮೊದಲ ಸಲ, ನನ್ನೊಂದಿಗೆ ಪೂರ್ತಿ ಒಂದು ಮಾತಾಡಿದರು.

"ಬೀಗ್ತೇರ, ತಪ್ಪ ತಿಳೀಬ್ಯಾಡ್ರಿ. ನಾನೂ ಟ್ರಾಯಲ್ ಮ್ಯಾಲ ಬಂದೇನ್ರಿ. ಸಂಜಿ ಬಸ್ಸಿಗೆ ವಾಪಸ್ ಹೋಗಬೇಕು."

ಆ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಬಾಯಿಗೆ ತುತ್ತು ಹೋದ ಕೂಡಲೇ ಒಬ್ಬರಲ್ಲ ಒಬ್ಬರು ನಕ್ಕು ಕೆಮ್ಮುತ್ತಿದ್ದರು. ಆದರೆ ಉಣ್ಣದೆ ಎದ್ದವರೂ ಯಾರೂ ಇರಲಿಲ್ಲ. ಊಟವಾದ ಮೇಲೆ ಕರೆಂಟು ಬಂತು, ಮತ್ತೆ ಜಗಳ ಶುರುವಾಯಿತು, ಈ ಸಲ ತಿರುಗಾಮುರುಗಾ. "ಮಾಮಾ, ನಿಮ್ಮದ ಇರ್ಲಿ, ಮಾತ ಸ್ಪಷ್ಟ ಕೇಳತಾವು" ಎಂದು ಇವನು. "ಬ್ಯಾಡೋ, ನಿಂದ ಇರ್ಲಿ, ಡೊಳ್ಳು ಏನ ಗಚ್ಚಾಗಿ ಬರತೈತಿ" ಎಂದು ಅವನು. ಅಪ್ಪನಂಥ ಮನುಷ್ಯನ ಎದುರಿಗೆ ಇಬ್ಬರೂ ಸೋತ ಮೇಲೆ ಯಾರು ಗೆದ್ದರೇನು? ಕಡೆಗೆ ಅಳಿಯ ಆರಿಸಿದ ಸೆಟ್ಟು ನಮ್ಮ ಪಡಸಾಲೆಯಲ್ಲಿ ಉಳಿಯಿತು. ವೀರೇಶ ಆರಿಸಿದ ಗುಡುಗಿನ ಸೆಟ್ಟು ಲಕ್ಷ್ಮೇಶ್ವರಕ್ಕೆ ಹೋಯಿತು. ಗದಗಿನ ಅಂಗಡಿಯವನಿಗೆ ವಾಪಸ್ ಹೋದದ್ದು ಬರೀ ಥರ್ಮಾಕೋಲು. ಈಗ ವಾರಕ್ಕೊಮ್ಮೆ ಇಬ್ಬರೂ ಫೋನಿನಲ್ಲಿ ಒಬ್ಬರ ಸೆಟ್ಟನ್ನು ಒಬ್ಬರು ಹೊಗಳುತ್ತಾರೆ. ಗಿರಿಜಾ ಹಬ್ಬ ಬರುವ ಮೊದಲೇ ಬಂದು ಇಳಿಯುತ್ತಾಳೆ. ಮೊನ್ನೆ ಫೋನಿನಲ್ಲಿ, "ಯವ್ವಾ, ಕೆಲಸಾ ಭಾಳ ಐತಿ, ಆದ್ರೂ ಬರತೀನಿ" ಎಂದಳು. ದನಿ ಚೆನ್ನಾಗಿತ್ತು.

ನನ್ನ ಕಿವಿಯ ಮೇಲಿದ್ದ ನಂಬಿಕೆ ಹೋಯಿತೇ ಎಂದು ನೀವು ಕೇಳಬಹುದು. ಓಣಿಯಲ್ಲಿ ಹೋಗಿದೆ. ಈಗ ಕೊಡ ಕೊಳ್ಳುವಾಗ ನನ್ನನ್ನು ಕರೆದರೂ, ನಾನು ಟಕ್ ಎನ್ನಿಸಿ ಒಂದನ್ನು ಬದಿಗೆ ಸರಿಸಿದರೆ, "ಒಳಗ ಯಾರೂ ಕುಂತಿಲ್ಲಲ್ರಿ?" ಎಂದು ಕೊಡದೊಳಗೆ ಇಣುಕಿ ನೋಡಿ ನಗುತ್ತಾರೆ. ನಗಲಿ. ಆದರೆ ಒಂದು ಮಾತನ್ನು ನಿಮಗೆ ಬರೆದು ತಿಳಿಸುತ್ತೇನೆ, ಬಾಯಿಬಿಟ್ಟು ಹೇಳಲಾರೆ, ಒಮ್ಮೆ ಹೇಳಿ ಪಟ್ಟದ್ದು ಸಾಕಾಗಿದೆ. ನಾನು ಆ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ಎರಡೂ ಸೆಟ್ಟುಗಳನ್ನು ಆಮೇಲೆ ಬೇಕಾದಷ್ಟು ಸಲ ಕೇಳಿದ್ದೇನೆ. ನಾನು ಲಕ್ಷ್ಮೇಶ್ವರಕ್ಕೆ ಹೋದಾಗ ಅಲ್ಲಿಯೂ ಒಮ್ಮೊಮ್ಮೆ ಕರೆಂಟು ಹೋಗುತ್ತದೆ. ಮನೆಮಂದಿಯೆಲ್ಲ ಅಯ್ಯೋ ಎನ್ನುತ್ತಾರೆ. ಪಡಸಾಲೆಯಿಂದ ನೀಲವ್ವನವರ ಕೂಗು ಬರುತ್ತದೆ: "ಬೀಗ್ತೇರ, ಕರೆಂಟ್ ಹೋತು! ಹಚ್ಚಲೇನ್ರಿ ನಿಮ್ಮದನ್ನ?" ನಾನು ಅಡುಗೆಮನೆಯಲ್ಲಿ ಒಲೆಯ ಉರಿಯನ್ನು ಸಣ್ಣಗೆ ಮಾಡಿಕೊಳ್ಳುತ್ತೇನೆ. ಸಾರು ಕುದಿಯುವ ಸದ್ದು ಅಡ್ಡ ಬರಬಾರದಲ್ಲ.